ವಿಶೇಷ ಅಗತ್ಯವುಳ್ಳ ಮಗುವಿಗೆ ನಿಮ್ಮ ತರಗತಿಯಲ್ಲೇ ಕಲಿಸುವುದು ಹೇಗೆ?

ಪ್ರತಿ ವರ್ಷ ದಾಖಲಾತಿ ಆಂದೋಲನದ ಹೊತ್ತಿಗೆ ವಿಕಲಚೇತನ ಮಕ್ಕಳ ಹೆಸರೂ ಹಾಜರಾತಿ ಪುಸ್ತಕಕ್ಕೆ ಸೇರುತ್ತದೆ. ಆದರೆ ಆ ಮಗು ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತು, ಬಿಸಿಯೂಟ ಮುಗಿಸಿ ಮನೆಗೆ ಹೋಗುವುದನ್ನು ಸಮನ್ವಯ ಶಿಕ್ಷಣ ಎನ್ನಲಾಗದು. ದಾಖಲಾದ ಮಗು ಅದೇ ಕೊಠಡಿಯಲ್ಲಿ, ಅದೇ ಪಾಠದಲ್ಲಿ ತನ್ನ ಪಾಲಿನದನ್ನು ಕಲಿಯಬೇಕಾದರೆ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಾಖಲಾತಿಯ ವಿಷಯದಲ್ಲಿ ಗೊಂದಲ ಬೇಡ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಕ್ಕಳು ನೆರೆಹೊರೆಯ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು. ಆ ಆಯ್ಕೆ ಮಗುವಿನದು ಮತ್ತು ಪೋಷಕರದು. ‘ಇಂಥವರಿಗೆ ಬೇರೆ ಶಾಲೆ ಇದೆಯಲ್ಲ’ ಎಂದು ಮುಖ್ಯ ಶಿಕ್ಷಕರು ಮಾಡಿಬಿಡುವ ಆಯ್ಕೆಯಲ್ಲ. ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇನ್ನೂ ಬಂದಿಲ್ಲವೆಂದು ಮಗುವನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಮೊದಲು ಸೇರಿಸಿಕೊಂಡು, ಕಾರ್ಡಿನ ಅರ್ಜಿಗಾಗಿ ಪೋಷಕರನ್ನು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿಗೆ ಕಳುಹಿಸಿ.

ಮೊದಲ ಎರಡು ವಾರ ಕಲಿಸುವುದಕ್ಕಿಂತ ಗಮನಿಸುವುದಕ್ಕೆ ಹೆಚ್ಚು ಸಮಯ ಕೊಡಿ. ಹಿಂದಿನಿಂದ ಕರೆದಾಗ ಮಗು ತಿರುಗುತ್ತದೆಯೇ, ಪುಸ್ತಕವನ್ನು ಎಷ್ಟು ಹತ್ತಿರ ಹಿಡಿಯುತ್ತದೆ, ಒಂದೇ ಬಾರಿಗೆ ಎರಡು ಸೂಚನೆ ಕೊಟ್ಟರೆ ಎರಡನ್ನೂ ಪಾಲಿಸುತ್ತದೆಯೇ ಎಂಬುದನ್ನು ದಿನಾಂಕದೊಂದಿಗೆ ಬರೆದಿಡಿ. ಕಾಯಿಲೆಗೆ ಹೆಸರಿಡುವುದು ವೈದ್ಯರ ಕೆಲಸ. ಕಂಡದ್ದನ್ನು ಸ್ಪಷ್ಟವಾಗಿ ಬರೆಯುವುದಷ್ಟೇ ನಮ್ಮದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದ ದಿನ ಈ ಟಿಪ್ಪಣಿ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಕೆಲವೇ ನಿಮಿಷಗಳ ತಪಾಸಣೆಯಲ್ಲಿ ಕಾಣದ್ದು ಹತ್ತು ದಿನಗಳ ಬರಹದಲ್ಲಿ ಕಾಣುತ್ತದೆ.

ಕನ್ನಡ ಅಕ್ಷರಗಳೇ ಕೆಲವು ಸುಳಿವುಗಳನ್ನು ಕೊಡುತ್ತವೆ. ದ ಮತ್ತು ಧ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಸಣ್ಣ ಗೆರೆಯಷ್ಟೇ. ಒತ್ತಕ್ಷರವಂತೂ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕುಳಿತಿರುತ್ತದೆ. ಹಲಗೆಯಿಂದ ನೋಡಿ ಬರೆಯುವಾಗ ಇವನ್ನೇ ಮತ್ತೆ ಮತ್ತೆ ಬಿಡುವ ಮಗು, ಬಾಯಿಪಾಠದಲ್ಲಿ ಸರಿಯಾಗಿ ಹೇಳುತ್ತಿದ್ದರೆ, ಮೊದಲು ಅದರ ದೃಷ್ಟಿಯನ್ನು ಪರೀಕ್ಷಿಸಬೇಕು. ಇದಕ್ಕೆ ವಿರುದ್ಧವಾಗಿ, ನೋಡಿ ಬರೆಯುವುದರಲ್ಲಿ ತಪ್ಪದೆ ಉಕ್ತಲೇಖನದಲ್ಲಿ ಮಾತ್ರ ಸ, ಶಗಳನ್ನು ಬಿಡುವ ಮಗುವಿನ ಕಿವಿಯ ಬಗ್ಗೆ ಯೋಚಿಸಬೇಕು, ಏಕೆಂದರೆ ಶ್ರವಣಶಕ್ತಿ ಕುಂದಿದಾಗ ಬಹಳ ಸಲ ಮೊದಲು ಕಳೆದುಹೋಗುವುದು ಇಂಥ ತೆಳುವಾದ ಧ್ವನಿಗಳೇ. ಕಿವಿ ಸೋರುವ ಮಗುವಿಗೆ ಮನೆಯಲ್ಲಿ ಎಣ್ಣೆ ಬಿಡುವ ರೂಢಿ ಇದ್ದರೆ ಅದನ್ನು ನಿಲ್ಲಿಸಿ ವೈದ್ಯರ ಬಳಿಗೆ ಕರೆದೊಯ್ಯುವಂತೆ ತಾಯಂದಿರಿಗೆ ತಿಳಿಸಿ.

ಕೂರಿಸುವ ಜಾಗವನ್ನು ಇದರ ಮೇಲೆ ನಿರ್ಧರಿಸಿ. ಮಂದದೃಷ್ಟಿಯ ಮಗುವನ್ನು ಮುಂದೆ, ಕಿಟಕಿಯ ಬೆಳಕು ಕಣ್ಣಿಗೆ ನೇರವಾಗಿ ಹೊಡೆಯದಂತೆ ಕೂರಿಸಿ. ಎದ್ದು ಹಲಗೆಯ ಹತ್ತಿರ ಹೋಗಿ ನೋಡಲು ಅನುಮತಿ ಕೇಳಬೇಕಾಗಿಲ್ಲವೆಂದು ಇಡೀ ತರಗತಿಗೆ ತಿಳಿಸಿ. ಹಲಗೆಗೆ ಕಪ್ಪು ಬಣ್ಣ ಬಳಿಸುವುದು ಅಗ್ಗದ ಕೆಲಸ, ಆದರೂ ಎಷ್ಟೋ ಶಾಲೆಗಳಲ್ಲಿ ಅದು ಬೂದುಬಣ್ಣಕ್ಕೆ ತಿರುಗಿ ವರ್ಷಗಳಾಗಿರುತ್ತವೆ. ಕೇಳಿಸದ ಮಗುವಿಗೆ ನಿಮ್ಮ ಮುಖವೂ ಸಹಪಾಠಿಗಳ ಮುಖವೂ ಕಾಣಬೇಕು, ಹಾಗಾಗಿ ಮುಂದಿನ ಸಾಲಿನ ಒಂದು ಬದಿ ಉತ್ತಮ. ಹಲಗೆಯ ಕಡೆ ತಿರುಗಿ ಬರೆಯುತ್ತಲೇ ಮಾತನಾಡುವ ಅಭ್ಯಾಸವನ್ನು ನಾವು ಬಿಡಬೇಕಾಗುತ್ತದೆ, ಮತ್ತು ಅದು ಹೇಳಿದಷ್ಟು ಸುಲಭವಲ್ಲ.

ನಿಧಾನವಾಗಿ ಕಲಿಯುವ ಮಗುವಿಗೆ ಬೇರೆ ಪಾಠ ಕೊಡಬೇಡಿ. ಅದೇ ಪಾಠದ ಚಿಕ್ಕ ಮೆಟ್ಟಿಲನ್ನು ಕೊಡಿ. ಉಳಿದವರು ಎರಡಂಕಿಯ ಸಂಕಲನ ಮಾಡುವಾಗ ಈ ಮಗು ಹುಣಸೆ ಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸಲಿ. ಈ ದೃಷ್ಟಿಯಿಂದ ನಲಿ-ಕಲಿ ನಮಗೆ ದೊಡ್ಡ ಅನುಕೂಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಒಂದರಿಂದ ಮೂರನೆಯ ತರಗತಿಯವರೆಗಿನ ಈ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಏರುತ್ತದೆ. ಹಿಂದುಳಿದಿರುವುದು ಎದ್ದು ಕಾಣುವುದಿಲ್ಲ. ತೊಂದರೆ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ ಬಂದಾಗ. ಆದ್ದರಿಂದ ಮಗು ಏಣಿಯ ಯಾವ ಮೆಟ್ಟಿಲಲ್ಲಿತ್ತು ಎಂಬುದನ್ನು ಮೂರನೆಯ ತರಗತಿಯ ಶಿಕ್ಷಕರಿಂದ ಬರೆಸಿಕೊಂಡು ಅಲ್ಲಿಂದಲೇ ಮುಂದುವರಿಸಿ.

ಗೆಳೆಯರ ನೆರವು ಬೇಕು, ಆದರೆ ಒಬ್ಬನೇ ವಿದ್ಯಾರ್ಥಿಯನ್ನು ಖಾಯಂ ಸಹಾಯಕನನ್ನಾಗಿ ಮಾಡಬೇಡಿ, ವಾರಕ್ಕೊಬ್ಬರಂತೆ ಬದಲಿಸಿ. ಅಡ್ಡಹೆಸರುಗಳನ್ನು ಮೊದಲ ದಿನವೇ ತಡೆಯಿರಿ, ಶಿಕ್ಷಕರ ಕೊಠಡಿಯಲ್ಲೂ.

ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು: ಜಗುಲಿ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರಿನ ಉದ್ದ 5.4 ಮೀಟರ್. ಅದಕ್ಕಿಂತ ಕಡಿದಾಗಿ ಕಟ್ಟಿದ್ದು ಮಕ್ಕಳಿಗೆ ಜಾರುಬಂಡೆಯಾಗುತ್ತದೆಯೇ ಹೊರತು ಗಾಲಿಕುರ್ಚಿಗೆ ದಾರಿಯಾಗುವುದಿಲ್ಲ. ಶೌಚಾಲಯದಲ್ಲಿ ಕುರ್ಚಿಯಂತೆ ಕೂರುವ ಕಮೋಡು ಮತ್ತು ಹಿಡಿಯಲು ಕಂಬಿ ಇರಲೇಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಳಿಜಾರಿಗಿಂತ ಮೊದಲು ಇದನ್ನು ಎತ್ತಿ, ಏಕೆಂದರೆ ದೊಡ್ಡವರಾಗುತ್ತಿರುವ ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ಇದೊಂದೇ ಕಾರಣ ಸಾಕು.

ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರಿಗೆ ಇಡೀ ತಾಲ್ಲೂಕಿನ ಹೊಣೆ ಇರುವುದರಿಂದ, ಅವರು ಬಂದಾಗ ಮಗುವನ್ನು ಒಪ್ಪಿಸಿ ನೀವು ಬೇರೆ ಕೆಲಸಕ್ಕೆ ಹೋಗಬೇಡಿ. ಜೊತೆಯಲ್ಲಿ ಕುಳಿತು ಅವರು ಮಾಡಿಸುವುದನ್ನು ಕಲಿತುಕೊಳ್ಳಿ. ತೀವ್ರ ಅಥವಾ ಬಹುವಿಧ ನ್ಯೂನತೆಯ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯ ಮೂಲಕ ಗೃಹಾಧಾರಿತ ಶಿಕ್ಷಣದ ಹಕ್ಕೂ ದೊರೆತಿದೆ, ಆದರೆ ಕಷ್ಟದ ಮಗುವನ್ನು ಮನೆಯಲ್ಲೇ ಉಳಿಸುವ ಸುಲಭೋಪಾಯವಾಗಿ ಅದನ್ನು ಬಳಸಬಾರದು. ಅಂಥ ಮಗುವನ್ನೂ ವಾರದಲ್ಲಿ ಒಂದು ದಿನವಾದರೂ ಪ್ರಾರ್ಥನೆಗೆ, ಬಿಸಿಯೂಟಕ್ಕೆ ಕರೆತರಲು ಪೋಷಕರೊಂದಿಗೆ ಮಾತನಾಡಿ.

ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿಗೆ ಕೊನೆಯ ಗಳಿಗೆಯಲ್ಲಿ ಓಡಾಡುವುದಕ್ಕಿಂತ, ಎಂಟನೆಯ ತರಗತಿಯ ಕಿರುಪರೀಕ್ಷೆಗಳಲ್ಲೇ ಅವನ್ನು ಕೊಟ್ಟು ಅಭ್ಯಾಸ ಮಾಡಿಸಿ. ಉತ್ತರವನ್ನು ಇನ್ನೊಬ್ಬರ ಕೈಯಿಂದ ಬರೆಸುವುದಕ್ಕೂ ತಿಂಗಳುಗಟ್ಟಲೆ ರೂಢಿ ಬೇಕಾಗುತ್ತದೆ.