ತೇಲುತ್ತಿದ್ದ ಕಾಫಿ ಎಲೆ

ನಮ್ಮೂರು ಮೂಡಿಗೆರೆ ಕಡೆ. ತುಕ್ಕು ರೋಗದ ಶಿಲೀಂಧ್ರ ಕಾಫಿ ಎಲೆಯೊಳಗೆ ಹೇಗೆ ಹರಡುತ್ತದೆ ಅಂತ 3ಡಿಯಲ್ಲಿ ನೋಡುವುದು ನನ್ನ ಪಿಎಚ್‌ಡಿ ಕೆಲಸ. ಅದಕ್ಕೆ ನಾನು ಬಳಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಒಳಗೇ ವಜ್ರದ ಚಾಕು ಇದೆ. ರೆಸಿನ್‌ನಲ್ಲಿ (ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ಅಂಟು) ಹುದುಗಿಸಿದ ಎಲೆಯನ್ನು ಸುಮಾರು 50 ನ್ಯಾನೋಮೀಟರ್ ಕೆರೆಯುತ್ತದೆ, ಫೋಟೋ ತೆಗೆಯುತ್ತದೆ, ಮತ್ತೆ ಕೆರೆಯುತ್ತದೆ.

ನನಗೆ ಸಿಕ್ಕಿದ್ದು ಬರೀ ಬಿಳಿ ಕಲೆ, ಗೀರು. ಎಲೆಯಲ್ಲಿ ವಿದ್ಯುತ್ ಚಾರ್ಜ್ ಸೇರಿಕೊಳ್ಳುತ್ತಿದೆ ಅಂತ ಎಲೆಕ್ಟ್ರಾನ್ ಬೀಮ್ ಕಡಿಮೆ ಮಾಡಿದೆ. ಉಪಯೋಗವಾಗಲಿಲ್ಲ. ಎರಡು ವಾರ ಸುಮ್ನೆ ಮಷೀನನ್ನೇ ಬೈದೆ.

ರಜೆಗೆ ಊರಿಗೆ ಬಂದಾಗ ಅಮ್ಮ ಕಳಲೆ ನೆನೆಹಾಕಿದ್ದರು. ದಿನಾ ನೀರು ಬದಲಿಸಿ, ಮೂರು ದಿನ. ‘ಅವಸರ ಮಾಡಿದ್ರೆ ಒಳಗಿನ ಕಹಿ ಹೋಗಲ್ಲ ಕಣೋ’ ಅಂದರು. ಆಗ ನೆನಪಾಯಿತು: ನನ್ನ ಎಲೆ ಚೂರುಗಳು ಬಾಟಲಿಯಲ್ಲಿ ತೇಲುತ್ತಿದ್ದವು! ಎಲೆಯೊಳಗೆ ಗಾಳಿ ತುಂಬಿದ ಜಾಗ ಜಾಸ್ತಿ, ಮೇಲೆ ಮೇಣದ ಪೊರೆ ಬೇರೆ. ರೆಸಿನ್ ಒಳಗೆ ಇಳಿದೇ ಇರಲಿಲ್ಲ, ಆ ಖಾಲಿ ಜಾಗದಲ್ಲೇ ಚಾರ್ಜ್ ಸೇರುತ್ತಿತ್ತು.

ಈ ಸಲ ಚೂರುಗಳನ್ನು 1 ಮಿಲಿಮೀಟರ್‌ಗೆ ಕತ್ತರಿಸಿದೆ. ಗ್ಲುಟರಾಲ್ಡಿಹೈಡ್‌ನಲ್ಲಿ (ಕೋಶಗಳನ್ನು ಕೆಡದಂತೆ ಹಿಡಿದಿಡುವ ದ್ರಾವಣ) ಹಾಕಿ, ವ್ಯಾಕ್ಯೂಮ್ ಎಳೆದು, ನಿಧಾನಕ್ಕೆ ಗಾಳಿ ಬಿಟ್ಟೆ. ಚೂರುಗಳು ಮುಳುಗುವವರೆಗೂ ಇದೇ ಕೆಲಸ. ಕೊನೆಗೂ ಮುಳುಗದ್ದನ್ನು ಎಸೆದೆ. ಫೋಟೋದಲ್ಲಿ ಕೋಶ ಎದ್ದು ಕಾಣಲು ಆಸ್ಮಿಯಂ ಎಂಬ ಲೋಹದ ದ್ರಾವಣ ಎರಡು ಸಲ ಕೊಟ್ಟೆ (ಅದರ ಆವಿ ಕಣ್ಣಿಗೆ ಅಪಾಯ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಬಿಟ್ಟು ತೆರೆಯಬೇಡಿ). ರೆಸಿನ್ ಪ್ರಮಾಣ ಏರಿಸುತ್ತಾ 25, 50, 75, 100 ಶೇಕಡಾ, ಒಂದೊಂದಕ್ಕೂ ಪೂರ್ತಿ ಒಂದು ದಿನ. ಕೊನೆಗೆ ಸುತ್ತಲಿನ ಖಾಲಿ ರೆಸಿನ್ ಕೆತ್ತಿ ತೆಗೆದು, ಚಾರ್ಜ್ ಹರಿದುಹೋಗಲಿ ಅಂತ ಬೆಳ್ಳಿ ಬೆರೆತ ಅಂಟಿನಲ್ಲಿ ಕೂರಿಸಿದೆ.

ಬಿಳಿ ಕಲೆ ಹೋಯಿತು. ಕೋಶದೊಳಗೆ ಶಿಲೀಂಧ್ರ ಚಾಚಿದ ಹೀರುಬೇರು ಸ್ಪಷ್ಟವಾಗಿ ಕಂಡಿತು. ಫೋಟೋ ಅಮ್ಮನಿಗೆ ತೋರಿಸಿದೆ. ‘ಇದಕ್ಕೆ ಬೋರ್ಡೋ ಔಷಧಿ ಹೊಡೆದ್ರೆ ಆಯ್ತಲ್ವಾ?’ ಅಂದರು.