ರೈಸ್ ಮಿಲ್ ಪ್ರೋಸೆಸ್ ನಕ್ಷೆಗಳ ರಾಶಿಯಲ್ಲಿ ಬೇಕಾದ್ದನ್ನು ಬೇಗ ಹುಡುಕುವುದು: ನನ್ನ ಅನುಭವ

ಸಿರುಗುಪ್ಪ, ಗಂಗಾವತಿ, ಸಿಂಧನೂರು ಭಾಗದ ರೈಸ್ ಮಿಲ್‌ಗಳಲ್ಲಿ ಭತ್ತ ಖರೀದಿಯ ಕೆಲಸ ಹೆಚ್ಚುಕಡಿಮೆ ಒಂದೇ. ಲಾರಿ ಗೇಟಿಗೆ ಬರುತ್ತದೆ, ವೇಬ್ರಿಡ್ಜ್ ಮೇಲೆ ತೂಕವಾಗುತ್ತದೆ, ತೇವಾಂಶ ನೋಡುತ್ತಾರೆ, ಹಮಾಲರು ಚೀಲ ಇಳಿಸುತ್ತಾರೆ, ಖಾಲಿ ಲಾರಿಯನ್ನು ಮತ್ತೆ ತೂಗುತ್ತಾರೆ, ಆಮೇಲೆ ಹಣ ಪಾವತಿ. ಇದನ್ನೇ ಬಿಪಿಎಂಎನ್ 2.0ರಲ್ಲಿ (ಕೆಲಸದ ಹಂತಗಳನ್ನು ಪೆಟ್ಟಿಗೆ-ಬಾಣಗಳಲ್ಲಿ ಬರೆಯುವ ಪ್ರಮಾಣಿತ ಪದ್ಧತಿ) ಬರೆದಾಗ ಮಾತ್ರ ಒಂದು ಮಿಲ್ಲಿನ ನಕ್ಷೆ ಇನ್ನೊಂದರಂತೆ ಇರುವುದಿಲ್ಲ. ಹೊಸ ಮಿಲ್ಲಿಗೆ ಸಾಫ್ಟ್‌ವೇರ್ ಹೊಂದಿಸುವ ಮುಂಚೆ ಇಂಥದ್ದೇ ನಕ್ಷೆ ನಮ್ಮ ಸಂಗ್ರಹದಲ್ಲಿದೆಯೇ ಎಂದು ನೋಡಿಕೊಂಡರೆ ಅರ್ಧ ಕೆಲಸ ಉಳಿತಾಯವಾಗುತ್ತದೆ.

ಎರಡು ನಕ್ಷೆಗಳ ಹೋಲಿಕೆಯನ್ನು, ಒಂದನ್ನು ಇನ್ನೊಂದಾಗಿಸಲು ಎಷ್ಟು ಬದಲಾವಣೆ ಬೇಕೆಂದು ಎಣಿಸುವ ಗ್ರಾಫ್ ಎಡಿಟ್ ಡಿಸ್ಟನ್ಸ್‌ನಿಂದ ಅಳೆಯುತ್ತೇವೆ. ಅದರ ನಿಖರ ಲೆಕ್ಕ ಎನ್‌ಪಿ-ಹಾರ್ಡ್, ಅಂದರೆ ಬೇಗ ಮುಗಿಸುವ ವಿಧಾನ ಗೊತ್ತಿಲ್ಲದ ಲೆಕ್ಕ. ನಕ್ಷೆ ದೊಡ್ಡದಾದಷ್ಟೂ ಸಮಯ ಕೈಮೀರಿ ಬೆಳೆಯುತ್ತದೆ. ಆದ್ದರಿಂದ ಅಗ್ಗದ ಪರೀಕ್ಷೆಯಿಂದ ಮೊದಲು ಜರಡಿ ಹಿಡಿದು, ಉಳಿದ ಕೆಲವಕ್ಕೆ ಮಾತ್ರ ದುಬಾರಿ ಲೆಕ್ಕ ಓಡಿಸುತ್ತೇನೆ.

ಹೆಚ್ಚು ಸಮಯ ಬೇಡುವುದು ಹೆಸರುಗಳು. 'ಭತ್ತ ಇಳಿಸುವುದು', 'ಅನ್‌ಲೋಡಿಂಗ್', 'ಲಾರಿ ಖಾಲಿ' ಮೂರೂ ಒಂದೇ ಕೆಲಸ. ಇಂಥವಕ್ಕೆ ಮಿಲ್ಲಿನವರ ಜೊತೆ ಕೂತು ಸಮಾನಪದಗಳ ಪಟ್ಟಿ ಮಾಡಿಕೊಳ್ಳುವುದೊಂದೇ ದಾರಿ. ಅದಕ್ಕೂ ಮೊದಲು ಅಕ್ಷರಗಳನ್ನೇ ಒಂದು ರೂಪಕ್ಕೆ ತರಬೇಕು. ಹಳೆಯ ಫೈಲುಗಳಲ್ಲಿ ನುಡಿ ಆಸ್ಕಿ ಪಠ್ಯವಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ. ಯೂನಿಕೋಡ್‌ನಲ್ಲೂ 'ಕೀ'ಯ ದೀರ್ಘ ಒಂದೇ ಸಂಕೇತವಾಗಿಯೂ ಎರಡಾಗಿಯೂ ಉಳಿದಿರಬಹುದು; ಎನ್‌ಎಫ್‌ಸಿ (ಯೂನಿಕೋಡ್‌ನ ಒಂದೇ ಪ್ರಮಾಣಿತ) ರೂಪಕ್ಕೆ ತಂದರೆ ಸರಿಹೋಗುತ್ತದೆ. 'ಮಿಲ್‌ಗೆ' ಎಂಬಲ್ಲಿ ಇರುವಂಥ ಕಣ್ಣಿಗೆ ಕಾಣದ, ಅಕ್ಷರಗಳ ಜೋಡಣೆ ನಿಯಂತ್ರಿಸುವ ಸಂಕೇತಗಳನ್ನು ಹೋಲಿಕೆಗೆ ಮುಂಚೆ ತೆಗೆದುಹಾಕಿ. ಲೆವೆನ್‌ಸ್ಟೈನ್ ಅಂತರವನ್ನು (ಒಂದು ಪದವನ್ನು ಇನ್ನೊಂದಾಗಿಸಲು ಬೇಕಾದ ತಿದ್ದುಪಡಿಗಳ ಎಣಿಕೆ) ಸಂಕೇತಗಳ ಲೆಕ್ಕದಲ್ಲಲ್ಲ, ಇಡೀ ಅಕ್ಷರಗಳ ಲೆಕ್ಕದಲ್ಲಿ ಹಿಡಿಯಿರಿ. ಇಲ್ಲದಿದ್ದರೆ ಒಂದೇ ಒಂದು ಒತ್ತಕ್ಷರದ ವ್ಯತ್ಯಾಸಕ್ಕೆ ಎರಡು-ಮೂರು ಅಂಕ ದಂಡ ಬೀಳುತ್ತದೆ.

ನಂತರ ನಕ್ಷೆಯ ಆಕಾರ. ಫೈಲಿನಲ್ಲಿ ಪೆಟ್ಟಿಗೆಗಳ ಜಾಗ ಮತ್ತು ಅಳತೆ ಹೇಳುವ ಭಾಗ ಹುಡುಕಾಟಕ್ಕೆ ಬೇಡ, ಬಿಟ್ಟುಬಿಡಿ. ಒಂದೇ ಬಾಣ ಬಂದು ಒಂದೇ ಬಾಣ ಹೋಗುವ ಗೇಟ್‌ವೇಗಳನ್ನೂ (ದಾರಿ ಕವಲೊಡೆಯುವ ಅಥವಾ ಸೇರುವ ಗುರುತುಗಳು) ತೆಗೆಯಿರಿ. ಇಲ್ಲೊಂದು ಕಡೆ ಎಚ್ಚರ ಬೇಕು: ಬಿಪಿಎಂಎನ್‌ನಲ್ಲಿ ಒಂದು ಟಾಸ್ಕ್‌ನಿಂದ (ಒಂದು ಕೆಲಸದ ಪೆಟ್ಟಿಗೆ) ಷರತ್ತಿಲ್ಲದ ಎರಡು ಬಾಣ ಹೊರಟರೆ ಎರಡೂ ಏಕಕಾಲಕ್ಕೆ ನಡೆಯುತ್ತವೆ, ಎರಡು ಬಾಣ ಒಳಬಂದರೆ ಯಾವುದು ಬಂದರೂ ಟಾಸ್ಕ್ ಶುರುವಾಗುತ್ತದೆ. ಹೊರಡುವ ಕಡೆ ಆಂಡ್ (ಎಲ್ಲ ದಾರಿಗಳೂ), ಸೇರುವ ಕಡೆ ಎಕ್ಸ್‌ಓಆರ್ (ಯಾವುದಾದರೂ ಒಂದು ದಾರಿ) ಗೇಟ್‌ವೇ ಹಾಕಿ ಸ್ಪಷ್ಟಪಡಿಸದಿದ್ದರೆ ಅರ್ಥದಲ್ಲಿ ಒಂದೇ ಆದ ನಕ್ಷೆಗಳು ಬೇರೆಬೇರೆ ಎಂದು ಕಾಣುತ್ತವೆ.

ಜರಡಿಗೆ ಮೂರು ಗುಣಗಳನ್ನು ಇಡುತ್ತೇನೆ: ಹೆಸರಿನ ಮೂರಕ್ಷರದ ತುಣುಕುಗಳು, ಟಾಸ್ಕ್‌ನ ಪಾತ್ರ (ಮೊದಲನೆಯದೇ, ಕೊನೆಯದೇ, ಅದರ ನಂತರ ಕವಲಿದೆಯೇ), ಮತ್ತು ಒಂದರ ಹಿಂದೆ ಒಂದು ಬರುವ ಟಾಸ್ಕ್ ಜೋಡಿಗಳು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇವು ಅರೇ (ಪಟ್ಟಿ) ಕಾಲಂಗಳು, ಅವುಗಳ ಮೇಲೆ ಜಿನ್ (GIN) ಇಂಡೆಕ್ಸ್, ಅಂದರೆ ಯಾವ ಅಂಶ ಯಾವ ಸಾಲುಗಳಲ್ಲಿದೆ ಎಂದು ಬೇಗ ಹೇಳುವ ಸೂಚಿ. ಪಾತ್ರ ಏಕೆ ಬೇಕೆಂದರೆ, ಬಹಳ ನಕ್ಷೆಗಳಲ್ಲಿ ತುಂಬಿದ ಲಾರಿಯ ತೂಕಕ್ಕೂ ಖಾಲಿ ಲಾರಿಯ ತೂಕಕ್ಕೂ ಬರೇ 'ತೂಕ' ಎಂದೇ ಬರೆದಿರುತ್ತಾರೆ. ಹೆಸರನ್ನಷ್ಟೇ ನಂಬಿದರೆ ಎರಡೂ ಅದಲುಬದಲಾಗಿ ಹೊಂದಿಕೊಂಡು, ಬಾಣಗಳೆಲ್ಲ ತಪ್ಪುತ್ತವೆ. ಜರಡಿಯ ಮಿತಿಯನ್ನು ಸಡಿಲವಾಗಿಯೇ ಇಡಿ. ಇಲ್ಲಿ ಬಿದ್ದುಹೋದ ನಕ್ಷೆ ಮತ್ತೆ ಸಿಗುವುದಿಲ್ಲ. ಹೆಚ್ಚಿಗೆ ಉಳಿದದ್ದನ್ನು ಮುಂದಿನ ಹಂತ ತೆಗೆಯುತ್ತದೆ.

ಉಳಿದವಕ್ಕೆ ಗ್ರೀಡಿ ಹೊಂದಾಣಿಕೆ (ಪ್ರತಿ ಹೆಜ್ಜೆಗೂ ಆಗ ಅತ್ಯುತ್ತಮ ಎನಿಸಿದ ಜೋಡಿಯನ್ನು ಆರಿಸುವುದು) ಸಾಕು. ಹುಡುಕುವ ನಕ್ಷೆಯಲ್ಲಿ 6 ಟಾಸ್ಕ್, 5 ಬಾಣ. ಸಿಕ್ಕ ನಕ್ಷೆಯಲ್ಲಿ 8 ಟಾಸ್ಕ್, 7 ಬಾಣ ಎನ್ನಿ. 5 ಟಾಸ್ಕ್ ಹೊಂದಿದರೆ ಎರಡೂ ಕಡೆ ಸೇರಿ ಬಿಟ್ಟುಹೋದವು 14ರಲ್ಲಿ 4, ಅಂದರೆ 0.29. 3 ಬಾಣ ಹೊಂದಿದರೆ ಬಿಟ್ಟವು 12ರಲ್ಲಿ 6, ಅಂದರೆ 0.5. ಹೊಂದಿದ ಹೆಸರುಗಳ ವ್ಯತ್ಯಾಸದ ಪಾಲು 0.1 ಇದ್ದರೆ ಮೂರರ ಸರಾಸರಿ ಸುಮಾರು 0.30, ಅದನ್ನು 1ರಿಂದ ಕಳೆದರೆ ಹೋಲಿಕೆ 0.70. ಮೂರಕ್ಕೂ ಸಮ ತೂಕ ಕೊಡಲೇಬೇಕೆಂದಿಲ್ಲ; ನಾನು ಹೆಸರಿಗೆ ಹೆಚ್ಚು ಕೊಡುತ್ತೇನೆ. ಎಂ-ಟ್ರೀ (ದೂರದ ಆಧಾರದ ಮೇಲೆ ಹುಡುಕುವ ಇಂಡೆಕ್ಸ್) ಬಳಸಿ ಇನ್ನಷ್ಟು ಬೇಗ ಮಾಡಬಹುದೆಂದು ಅನ್ನಿಸುವುದು ಸಹಜ. ಆದರೆ ಎಂ-ಟ್ರೀಗೆ ತ್ರಿಕೋನ ಅಸಮಾನತೆ (ನೇರ ದೂರ ಸುತ್ತಿಹೋದ ದೂರಕ್ಕಿಂತ ಹೆಚ್ಚಿರದು ಎಂಬ ನಿಯಮ) ಬೇಕೇ ಬೇಕು, ಗ್ರೀಡಿ ಲೆಕ್ಕದ ದೂರದಲ್ಲಿ ಅದರ ಖಾತ್ರಿಯಿಲ್ಲ. ಸಿಗಬೇಕಾದ ನಕ್ಷೆ ಸದ್ದಿಲ್ಲದೆ ತಪ್ಪಿಹೋಗಬಹುದು.

ಆಡಿಟ್ ಮಾಡುವವರ ಪ್ರಶ್ನೆ ಬೇರೆ: ತೇವಾಂಶ ನೋಡದೆಯೇ ಪಾವತಿ ಆಗಬಲ್ಲ ನಕ್ಷೆಗಳು ಯಾವುವು? ಇದಕ್ಕೆ 'ಯಾವುದು ಮೊದಲು, ಯಾವುದು ಆಮೇಲೆ' ಎಂಬ ಪಟ್ಟಿ ಸಾಲದು. ತೇವಾಂಶ 17% ಮೀರಿದರೆ ಒಣಗಿಸಿ ಮತ್ತೆ ನೋಡುವ ಹಿಂಬಾಣವಿದ್ದಲ್ಲಿ, ಆ ಸುತ್ತಿನೊಳಗಿನ ಎಲ್ಲ ಕೆಲಸವೂ ಒಂದಕ್ಕೊಂದು ಮೊದಲೂ ಹೌದು, ಆಮೇಲೂ ಹೌದು ಎಂದಾಗಿಬಿಡುತ್ತದೆ. ಅದಕ್ಕೆ ತೇವಾಂಶದ ಟಾಸ್ಕ್ ಅನ್ನು ತಾತ್ಕಾಲಿಕವಾಗಿ ಅಳಿಸಿ, ಆರಂಭದಿಂದ ಪಾವತಿಗೆ ದಾರಿ ಉಳಿದಿದೆಯೇ ಎಂದು ನೋಡುತ್ತೇನೆ. ಉಳಿದಿದ್ದರೆ ಆ ನಕ್ಷೆಯಲ್ಲಿ ಲೋಪವಿದೆ. ಹೀಗೆ ದಾರಿ ಹುಡುಕುವಾಗ ಆಂಡ್ ಸೇರುವ ಗೇಟ್‌ವೇಯನ್ನು, ಅದರ ಎಲ್ಲ ಒಳಬಾಣಗಳೂ ಮುಟ್ಟಿದ ಮೇಲೆಯೇ ದಾಟಬೇಕು. ಒಂದೇ ಬಾಣಕ್ಕೆ ದಾಟಿಬಿಟ್ಟರೆ, ತೇವಾಂಶ ಪರೀಕ್ಷೆ ಮತ್ತು ಚೀಲ ಎಣಿಕೆ ಜೊತೆಜೊತೆಗೆ ನಡೆಸುವ ಮಿಲ್‌ಗಳೆಲ್ಲ ಸುಮ್ಮನೆ ತಪ್ಪಿತಸ್ಥರ ಪಟ್ಟಿಗೆ ಸೇರುತ್ತವೆ.