ವೆಲ್‌ನೆಸ್ ಕಾರ್ಯಕ್ರಮ ಶುರುವಾಗಬೇಕಾದ್ದು ಕೆಲಸದ ಮೇಜಿನಿಂದ: ನನ್ನ ಅನುಭವ

ನೌಕರರ ಆರೋಗ್ಯಕ್ಕಾಗಿ ಕಂಪನಿ ನಡೆಸುವ ವೆಲ್‌ನೆಸ್ ಕಾರ್ಯಕ್ರಮ ಅಂದ ತಕ್ಷಣ ಯೋಗ ತರಗತಿ, ಹೆಜ್ಜೆ ಎಣಿಸುವ ಸ್ಪರ್ಧೆ, ವರ್ಷಕ್ಕೊಮ್ಮೆ ತಪಾಸಣೆ ಇವೇ ನೆನಪಾಗುತ್ತವೆ. ನಮ್ಮ ಆಡಳಿತದವರ ಮನಸ್ಸಿನಲ್ಲೂ ಇದೇ ಇತ್ತು. ಎಚ್‌ಆರ್ ವಿಭಾಗದಲ್ಲಿದ್ದ ನನಗೆ ಅದರ ಹೊಣೆ ಬಂತು. ಕಾರ್ಯಕ್ರಮಗಳ ಪಟ್ಟಿ ಬರೆಯುವ ಮುಂಚೆ ನಾನು ಪ್ಯಾಕಿಂಗ್‌ನಿಂದ ಅಕೌಂಟ್ಸ್‌ವರೆಗೆ ಎಲ್ಲ ವಿಭಾಗಕ್ಕೂ ಹೋದೆ. ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ ಕೇಳಿದೆ: "ಕೆಲಸ ಮುಗಿಸಿ ಮನೆಗೆ ಹೋಗುವಾಗ ಎಲ್ಲಿ ನೋಯುತ್ತೆ?"

ಸೊಂಟ ಅಂದರು. ಕುತ್ತಿಗೆ ಅಂದರು. ಕಣ್ಣುರಿ, ನಿದ್ದೆ ಬರಲ್ಲ ಅಂದರು. "ಮಲಗೋ ಹೊತ್ತಿಗೂ ಗ್ರೂಪ್‌ನಲ್ಲಿ ಮೆಸೇಜ್ ಬರ್ತಾನೇ ಇರುತ್ತೆ ಮೇಡಂ" ಅಂದವರು ಬಹಳ ಜನ. ಯೋಗ ತರಗತಿ ಬೇಕು ಅಂತ ಯಾರೂ ಕೇಳಲಿಲ್ಲ.

ಪ್ಯಾಕಿಂಗ್ ವಿಭಾಗದ ಸೊಂಟನೋವಿಗೆ ಕಾರಣ ಕಣ್ಣೆದುರೇ ಇತ್ತು. ತುಂಬಿದ ಪೆಟ್ಟಿಗೆಗಳು ನೆಲದ ಮೇಲೆ, ಬಲಗಡೆ. ಮೇಜು ಎಡಗಡೆ. ಬಗ್ಗಬೇಕು, ಎತ್ತಬೇಕು, ಎತ್ತಿದ ಭಾರದ ಜೊತೆಗೇ ಸೊಂಟ ತಿರುಗಿಸಬೇಕು. ಬಗ್ಗಿದ ಬೆನ್ನನ್ನು ಭಾರದ ಸಮೇತ ತಿರುಗಿಸುವುದಕ್ಕಿಂತ ಬೆನ್ನಿಗೆ ಕೆಟ್ಟದ್ದು ಕಡಿಮೆ. ಇಡೀ ಪಾಳಿ ಇದೇ ಕೆಲಸ. ಅಲ್ಲೇ ವರ್ಷಗಟ್ಟಲೆ ದುಡಿದಿದ್ದ ಹಿರಿಯ ಹೆಂಗಸೊಬ್ಬರು, "ಪೆಟ್ಟಿಗೆ ಒಂದೂವರೆ ಮೊಳ ಮೇಲಿದ್ರೆ ಸಾಕಮ್ಮ, ಬಗ್ಗೋದೇ ಬೇಡ" ಎಂದರು. ಖಾಲಿ ಪ್ಯಾಲೆಟ್‌ಗಳನ್ನು, ಅಂದರೆ ಸರಕು ಇಡುವ ಹಲಗೆ ಚೌಕಟ್ಟುಗಳನ್ನು, ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಕಟ್ಟಿದೆವು. ಪೆಟ್ಟಿಗೆ ಸೊಂಟದ ಮಟ್ಟಕ್ಕೆ ಬಂತು. ಮೇಜನ್ನು ಎದುರಿಗೆ ತಿರುಗಿಸಿದೆವು. ನಿಂತು ಕೆಲಸ ಮಾಡುವವರ ಕಾಲಡಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿದೆವು. ನಮ್ಮ ಇಡೀ ಕಾರ್ಯಕ್ರಮದಲ್ಲಿ ಅತಿ ಕಡಿಮೆ ಖರ್ಚಾದದ್ದು ಇದಕ್ಕೇ. ಬೆನ್ನುನೋವು ಅಂತ ಹಾಕುತ್ತಿದ್ದ ರಜೆ ಆ ವಿಭಾಗದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯಿತು.

"ಇದರಿಂದ ಕಂಪನಿಗೆ ಏನು ಲಾಭ?" ಅಂತ ಆಡಳಿತದವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ "ವೈದ್ಯಕೀಯ ಖರ್ಚು ಉಳಿಯುತ್ತೆ" ಅಂತ ನಾನು ಮಾತು ಕೊಡಲಿಲ್ಲ, ನೀವೂ ಕೊಡಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 2016ರಲ್ಲಿ ತನ್ನ ಸುಮಾರು 5,000 ಸಿಬ್ಬಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ವೆಲ್‌ನೆಸ್ ಕಾರ್ಯಕ್ರಮ ಕೊಟ್ಟು ನೋಡಿತು. ಚಿಕಿತ್ಸೆಯ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಂಥ ಕಾರ್ಯಕ್ರಮಕ್ಕೆ ತಾವಾಗಿ ಸೇರುವವರು ಮೊದಲೇ ಆರೋಗ್ಯವಾಗಿದ್ದವರು ಅನ್ನುವುದೂ ಅಲ್ಲಿ ಗೊತ್ತಾಯಿತು. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸುಮಾರು 33,000 ನೌಕರರಿದ್ದರು. ವ್ಯಾಯಾಮ ಮಾಡುತ್ತೇವೆ ಎಂದವರು ಜಾಸ್ತಿಯಾದರು, ಆದರೆ ಒಂದೂವರೆ ವರ್ಷದ ನಂತರವೂ ಬಿಪಿ, ಕೊಲೆಸ್ಟ್ರಾಲ್, ರಜೆ ಯಾವುದರಲ್ಲೂ ಗಮನಾರ್ಹ ಬದಲಾವಣೆ ಇರಲಿಲ್ಲ.

ಇದನ್ನು ಮುಚ್ಚಿಡದೆ ಆಡಳಿತದ ಮುಂದಿಟ್ಟೆ. ತರಗತಿ ಮತ್ತು ಸ್ಪರ್ಧೆಗಳಿಂದ ಮಾತ್ರ ಬದಲಾವಣೆ ಬರುವುದಿಲ್ಲ, ಕೆಲಸದ ರೀತಿಯನ್ನೇ ಮುಟ್ಟಬೇಕು ಅನ್ನುವುದು ನನ್ನ ವಾದ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದೂ ಇದಕ್ಕೆ ಒತ್ತಾಸೆಯಾಗಿತ್ತು: ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35 ಹೆಚ್ಚು. ಇಷ್ಟು ಹೊತ್ತು ದುಡಿಸಿ, ಮೇಲೊಂದು ಧ್ಯಾನದ ಆ್ಯಪ್ ಕೊಟ್ಟರೆ ಏನು ಬಂತು?

ಹಾಗಾಗಿ ಪಾಳಿಗೆ ಕೈ ಹಾಕಿದೆವು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲೇ ಪಾಳಿ ಮುಂದಕ್ಕೆ ಸರಿಯುವಂತೆ ಮಾಡಿದೆವು. ಮೊದಲು ಅದು ಹಿಂದುಮುಂದಾಗಿ ತಿರುಗುತ್ತಿತ್ತು. ತಡವಾಗಿ ಮಲಗುವುದು ದೇಹಕ್ಕೆ ಸುಲಭ, ಬೇಗ ಮಲಗುವುದು ಕಷ್ಟ. ಅದಕ್ಕೇ ಮುಂದಕ್ಕೆ ಸರಿಯುವ ಪಾಳಿಗೆ ನಿದ್ದೆ ಬೇಗ ಒಗ್ಗುತ್ತದೆ. ಪಾಳಿ ಮುಗಿದವರಿಗೆ ತುರ್ತು ಇಲ್ಲದೆ ಮೆಸೇಜ್ ಹಾಕಬಾರದು ಅಂತಲೂ ನಿಯಮ ಮಾಡಿದೆವು. ಕೆಲವು ಸೂಪರ್‌ವೈಸರ್‌ಗಳಿಗೆ ಇದು ಹಿಡಿಸಲಿಲ್ಲ. ಮ್ಯಾನೇಜರ್ ತಾವೇ ರಾತ್ರಿ ಮೆಸೇಜ್ ಹಾಕುವುದು ನಿಲ್ಲಿಸಿದ ಮೇಲೆ ಉಳಿದವರೂ ನಿಲ್ಲಿಸಿದರು.

ತಪಾಸಣೆಯನ್ನೂ ಇಟ್ಟೆವು. ಆದರೆ ಎಲ್ಲರೂ ಸಾಲು ನಿಲ್ಲುವ ಹಾಲ್‌ನಲ್ಲಿ ಅಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ಫಲಿತಾಂಶ ಆಯಾ ವ್ಯಕ್ತಿಯ ಕೈಗೆ ಮಾತ್ರ. ನಮಗೆ ಒಟ್ಟು ಲೆಕ್ಕ ಮಾತ್ರ. ತೀರಾ ಕಡಿಮೆ ಜನರಿರುವ ವಿಭಾಗದ ಲೆಕ್ಕ ನಮಗೂ ಇಲ್ಲ, ಏಕೆಂದರೆ ಅಲ್ಲಿ ಯಾರದ್ದು ಅಂತ ಊಹಿಸಿಬಿಡಬಹುದು. ಸಿಬ್ಬಂದಿಗೆ ಇದ್ದ ದೊಡ್ಡ ಭಯ ಇದೇ ಅಲ್ವಾ, "ಶುಗರ್ ಇದೆ ಅಂತ ಗೊತ್ತಾದ್ರೆ ಪ್ರಮೋಷನ್ ತಪ್ಪುತ್ತೆ" ಅಂತ. ನಿಯಮವನ್ನು ಕಾಗದದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ಬರುವವರು ಹೆಚ್ಚಾದರು. ಲವಲವಿಕೆಯಿಂದ ಓಡಾಡಿಕೊಂಡಿದ್ದ ಒಬ್ಬ ಸೂಪರ್‌ವೈಸರ್ ಆಮೇಲೆ ತಾವಾಗಿಯೇ ನನ್ನ ಹತ್ತಿರ ಬಂದು, ಬಿಪಿ 170 ದಾಟಿತ್ತು, ಏನೂ ಗೊತ್ತೇ ಆಗಿರಲಿಲ್ಲ ಎಂದರು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಿಪಿ ಸದ್ದಿಲ್ಲದೆ ಏರುವ ಕಾಯಿಲೆ. ನಾಲ್ಕು ನಿಮಿಷದ ಅಳತೆಗೆ ಇಷ್ಟು ಬೆಲೆ ಇದೆ.

ಮನಸ್ಸಿನ ವಿಷಯಕ್ಕೆ ಹೊರಗಿನ ಕೌನ್ಸೆಲರ್‌ಗಳ ಫೋನ್ ಸೇವೆ ಗೊತ್ತು ಮಾಡಿದೆವು. ಯಾರು ಕರೆ ಮಾಡಿದರು ಅನ್ನುವುದು ನಮಗೆ ತಿಳಿಯುವುದಿಲ್ಲ. ಖಿನ್ನತೆ ಮತ್ತು ಆತಂಕದಿಂದ ಪ್ರಪಂಚದಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ರಜೆ ಹಾಕದೆ ಬಂದು, ಸುಮ್ನೆ ಪರದೆ ನೋಡುತ್ತಾ ಕೂರುವ ನಷ್ಟ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಮಾಲೀಕರಿಗೆ ಇದನ್ನು ಅರ್ಥ ಮಾಡಿಸುವುದೇ ಹೆಚ್ಚು ಕಷ್ಟವಾಯಿತು.

ಮಾಲೀಕರು ಒಪ್ಪಿದ್ದು ಬೇರೆ ಲೆಕ್ಕಕ್ಕೆ. ಕೆಲಸ ಬಿಟ್ಟು ಹೋಗುವವರು ಕಡಿಮೆಯಾದರು. ಪಳಗಿದ ಕೈ ಒಂದು ಹೋದರೆ ಹೊಸಬರನ್ನು ಹುಡುಕಬೇಕು, ಕಲಿಸಬೇಕು, ಅಲ್ಲಿಯವರೆಗೆ ತಪ್ಪುಗಳನ್ನು ತಡೆದುಕೊಳ್ಳಬೇಕು. ಆ ಖರ್ಚು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸದ್ಯ ನಾನು ಒತ್ತಾಯಿಸುತ್ತಿರುವುದು ಗುತ್ತಿಗೆ ನೌಕರರ ಪರವಾಗಿ. ನೆಲ ಒರೆಸುವವರು, ಸೆಕ್ಯುರಿಟಿಯವರು ನಮ್ಮ ಕಂಪನಿಯ ಹಾಜರಿ ಪಟ್ಟಿಯಲ್ಲಿಲ್ಲ, ಹಾಗಾಗಿ ತಪಾಸಣೆಗೂ ಇರಲಿಲ್ಲ. ಅತಿ ಹೆಚ್ಚು ಹೊತ್ತು ನಿಲ್ಲುವವರು, ಬಗ್ಗುವವರು ಅವರೇ. ಗುತ್ತಿಗೆದಾರರ ಜೊತೆ ಮಾತಾಡಿ, ಮುಂದಿನ ಸಲದ ತಪಾಸಣೆಗೆ ಅವರ ಹೆಸರುಗಳನ್ನೂ ಸೇರಿಸಿದ್ದೇವೆ. ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಕುರ್ಚಿ ಕೊಡಿಸುವುದು ಇನ್ನೂ ಬಾಕಿ ಇದೆ.